ವಾಹನ ನಿಲುಗಡೆಗೆ ಗಾಲಿ ತಡೆ: ಆಯ್ಕೆ ಹೇಗೆ, ಅಳವಡಿಕೆ ಎಲ್ಲಿ?

ಕೊಪ್ಪಳ: ಕಲ್ಯಾಣ ಮಂಟಪ, ನರ್ಸಿಂಗ್ ಹೋಂ, ಬ್ಯಾಂಕು, ವಸತಿ ಸಮುಚ್ಚಯಗಳ ಆವರಣದಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಹೋದರೆ ಅರ್ಧ ಗೇಣು ಎತ್ತರದ, ಹಳದಿ–ಕಪ್ಪು ಪಟ್ಟಿಯ ದಿಂಡೊಂದು ನೆಲಕ್ಕೆ ಅಂಟಿಕೊಂಡಿರುವುದು ಹಲವೆಡೆ ಕಾಣಸಿಗುತ್ತದೆ. ಕಾರಿನ ಗಾಲಿ ಅದಕ್ಕೆ ತಾಗಿದೊಡನೆ ಚಾಲಕನಿಗೆ ಇನ್ನು ಮುಂದೆ ಹೋಗುವಂತಿಲ್ಲ ಎಂಬ ಸೂಚನೆ ಸಿಗುತ್ತದೆ. ಅಂಗಡಿಗಳಲ್ಲಿ ಇದನ್ನು ವೀಲ್ ಸ್ಟಾಪರ್ ಎಂದೂ ಪಾರ್ಕಿಂಗ್ ಬ್ಲಾಕ್ ಎಂದೂ ಮಾರುತ್ತಾರೆ. ಈ ಲೇಖನದಲ್ಲಿ ಅದನ್ನು ಗಾಲಿ ತಡೆ ಎಂದು ಕರೆಯಲಾಗಿದೆ.

ನೋಡಲು ಸರಳ ವಸ್ತು. ಆದರೆ ಸರಿಯಾದ ಜಾಗದಲ್ಲಿದ್ದರೆ ಗೋಡೆ, ಗಾಜು, ಗಿಡ, ಪೈಪುಗಳನ್ನು ಉಳಿಸುವ ಇದೇ ದಿಂಡು, ತಪ್ಪು ಜಾಗದಲ್ಲಿದ್ದರೆ ನಡೆದು ಹೋಗುವವರ ಕಾಲಿಗೆ ಸಿಕ್ಕು ಮೂಳೆ ಮುರಿಯುವಂತೆ ಮಾಡುತ್ತದೆ. ಕಾರನ್ನು ತಡೆಯಲೆಂದು ಹಾಕಿದ ಸಾಧನ ಮನುಷ್ಯರನ್ನು ಬೀಳಿಸಬಾರದು. ಆದ್ದರಿಂದ ಗಾಲಿ ತಡೆ ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಅದರ ಬೆಲೆಯದಲ್ಲ. ಆ ಜಾಗದಲ್ಲಿ ಯಾರು ನಡೆಯುತ್ತಾರೆ ಎಂಬುದು.

ಕಲ್ಲಿನಿಂದ ರಬ್ಬರಿಗೆ

ಉರುಳುವ ಗಾಲಿಗೆ ಅಡ್ಡ ಇಡುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಇಳಿಜಾರಿನಲ್ಲಿ ಬಂಡಿ ನಿಲ್ಲಿಸಿದವರು ಗಾಲಿಗೆ ಕಲ್ಲು ಕೊಡುತ್ತಿದ್ದರು. ಜಾತ್ರೆಯ ತೇರಿನ ಗಾಲಿಗೆ ಮರದ ತಡೆ ಇಟ್ಟು ಅದರ ದಿಕ್ಕು ಮತ್ತು ಓಟವನ್ನು ನಿಯಂತ್ರಿಸುವ ನುರಿತ ಕೈಗಳು ಇಂದಿಗೂ ಊರೂರಲ್ಲಿವೆ. ಕೆಟ್ಟು ನಿಂತ ಲಾರಿಯ ಹಿಂದಿನ ಗಾಲಿಗೆ ದಪ್ಪ ಕಲ್ಲು ಇಡುವುದು ಹೆದ್ದಾರಿಯ ಮೇಲೆ ದಿನವೂ ಕಾಣುವ ದೃಶ್ಯ. ಲಾರಿ ಹೊರಟ ಮೇಲೆ ಆ ಕಲ್ಲು ರಸ್ತೆಯಲ್ಲೇ ಉಳಿದು ಹಿಂದೆ ಬರುವ ಬೈಕ್ ಸವಾರನಿಗೆ ಕಂಟಕವಾಗುವುದೂ ಉಂಟು. ಕಲ್ಲು ಇಡುವಷ್ಟೇ ಮುಖ್ಯವಾದ ಕೆಲಸ ಅದನ್ನು ತೆಗೆಯುವುದು.

ನಿಲ್ಲಿಸಿದ ವಾಹನ ತಾನಾಗಿ ಚಲಿಸದಂತೆ ನೋಡಿಕೊಳ್ಳುವುದು ಚಾಲಕನ ಕಾನೂನುಬದ್ಧ ಹೊಣೆಯೂ ಹೌದು. ಚಾಲನಾ ಪರವಾನಗಿ ಹೊಂದಿದವರು ಚಾಲಕನ ಆಸನದಲ್ಲಿ ಇಲ್ಲದಿದ್ದರೆ, ಎಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ ಅಥವಾ ಬೇರೆ ಕ್ರಮ ಕೈಗೊಂಡು ವಾಹನ ಆಕಸ್ಮಿಕವಾಗಿ ಚಲಿಸದಂತೆ ಮಾಡಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಂ ಹೇಳುತ್ತದೆ. ನೆಲದಲ್ಲಿ ಗಾಲಿ ತಡೆ ಇದೆ ಎಂಬ ಕಾರಣಕ್ಕೆ ಹ್ಯಾಂಡ್ ಬ್ರೇಕ್ ಎಳೆಯದೆ ಹೋಗುವುದು ಸರಿಯಲ್ಲ.

ಏನು ಮಾಡಬಲ್ಲದು, ಏನು ಮಾಡಲಾರದು?

ಗಾಲಿ ತಡೆಯ ಕೆಲಸ ಎರಡು. ಕಾರು ಎಲ್ಲಿ ನಿಲ್ಲಬೇಕೆಂದು ಚಾಲಕನಿಗೆ ತಿಳಿಸುವುದು ಮೊದಲನೆಯದು. ನಿಧಾನವಾಗಿ ತೆವಳುವ ಕಾರನ್ನು ಹಿಡಿದು ನಿಲ್ಲಿಸುವುದು ಎರಡನೆಯದು. ಇದರಿಂದಾಚೆಗಿನ ರಕ್ಷಣೆಯನ್ನು ಅದರಿಂದ ನಿರೀಕ್ಷಿಸಬಾರದು.

ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. ಸಣ್ಣ ಕಾರೊಂದರ ತೂಕ ಸುಮಾರು 900 ಕೆ.ಜಿ. ಎಂದಿಟ್ಟುಕೊಳ್ಳೋಣ. ಅದರ ಮುಂಭಾಗವನ್ನು 10 ಸೆಂ.ಮೀ. ಮೇಲಕ್ಕೆತ್ತಲು ಬೇಕಾಗುವ ಶಕ್ತಿ ಗಂಟೆಗೆ ನಾಲ್ಕೈದು ಕಿ.ಮೀ. ವೇಗದಲ್ಲೇ ಕಾರಿಗೆ ದೊರೆತುಬಿಡುತ್ತದೆ. ಅಂದರೆ ಬಿರುಸಾಗಿ ನಡೆಯುವ ಮನುಷ್ಯನಿಗಿಂತ ತುಸು ಹೆಚ್ಚಿನ ವೇಗದಲ್ಲಿ ಬಂದ ಕಾರು ತಡೆಯನ್ನು ಹತ್ತಿ ದಾಟಬಲ್ಲದು. ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದಾಗಲಂತೂ ಅರ್ಧ ಗೇಣಿನ ದಿಂಡು ಏನೂ ಮಾಡಲಾರದು.

ಕಾರನ್ನು ಬಲವಾಗಿ ತಡೆಯಬೇಕಾದ ಕಡೆ ಬೇಕಾಗುವುದು ಬೇರೆಯದೇ ಸಾಧನ. ಕಟ್ಟಡಗಳ ಮೇಲಿನ ಭಾರಗಳನ್ನು ಕುರಿತ ಭಾರತೀಯ ಮಾನದಂಡ ಐಎಸ್ 875ರ ಎರಡನೇ ಭಾಗ (1987) ವಾಹನ ನಿಲುಗಡೆ ಮಹಡಿಗಳ ತಡೆಗೋಡೆಗೆ ಸ್ಪಷ್ಟ ಲೆಕ್ಕ ಕೊಟ್ಟಿದೆ. 1500 ಕೆ.ಜಿ. ತೂಕದ ವಾಹನ ಸೆಕೆಂಡಿಗೆ 4.5 ಮೀಟರ್, ಅಂದರೆ ಗಂಟೆಗೆ ಸುಮಾರು 16 ಕಿ.ಮೀ. ವೇಗದಲ್ಲಿ ಬಂದು ಗುದ್ದಿದರೂ ಗೋಡೆ ತಾಳಿಕೊಳ್ಳಬೇಕು. ಬಗ್ಗದ ಗೋಡೆಯಾದರೆ ಆ ಗುದ್ದಿನ ಬಲ ಸುಮಾರು 15 ಟನ್ ಭಾರಕ್ಕೆ ಸಮ. ಅದು ಬೀಳುವುದು ನೆಲದಿಂದ 375 ಮಿ.ಮೀ. ಮೇಲೆ, ಬಂಪರ್ ಎತ್ತರದಲ್ಲಿ. ಗಾಲಿ ತಡೆಯ ಎತ್ತರ ಅದರ ಕಾಲು ಭಾಗಕ್ಕಿಂತ ತುಸು ಹೆಚ್ಚಷ್ಟೆ.

2025ರ ಜನವರಿಯಲ್ಲಿ ಪುಣೆಯ ವಿಮಾನ್ ನಗರದ ವಸತಿ ಸಮುಚ್ಚಯವೊಂದರಲ್ಲಿ ಮೊದಲ ಮಹಡಿಯ ನಿಲುಗಡೆಯಿಂದ ಕಾರೊಂದು ಹಿಮ್ಮುಖವಾಗಿ ಚಲಿಸಿ, ಗೋಡೆ ಒಡೆದುಕೊಂಡು ಕೆಳಗೆ ಬಿದ್ದಿತ್ತು. ಆ ದೃಶ್ಯ ದೇಶದಾದ್ಯಂತ ಪ್ರಸಾರವಾಯಿತು. ಜಿಲ್ಲಾ ಕೇಂದ್ರಗಳಲ್ಲೂ ಈಗ ಮಹಡಿ ಮೇಲೆ, ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಕಟ್ಟಡಗಳು ಏಳುತ್ತಿವೆ. ಮಹಡಿಯ ಅಂಚಿಗೆ ಇಟ್ಟಿಗೆಯ ಗಿಡ್ಡ ಗೋಡೆ ಕಟ್ಟಿ, ಅದರ ಮುಂದೆ ಎರಡು ರಬ್ಬರ್ ದಿಂಡು ಹಾಕಿದರೆ ಸುರಕ್ಷತೆಯ ಕೆಲಸ ಮುಗಿಯಿತೆಂದು ತಿಳಿಯಬಾರದು. ಅಲ್ಲಿ ಎಂಜಿನಿಯರ್ ಲೆಕ್ಕ ಮಾಡಿ ಕೊಟ್ಟ ಕಾಂಕ್ರೀಟ್ ಗೋಡೆ ಅಥವಾ ಉಕ್ಕಿನ ತಡೆ ಇರಲೇಬೇಕು. ಗಾಲಿ ತಡೆ ಅದಕ್ಕೆ ಪೂರಕವೇ ಹೊರತು ಬದಲಿಯಲ್ಲ.

ಔಷಧಿ ಅಂಗಡಿ, ಹೋಟೆಲ್, ಬ್ಯಾಂಕುಗಳ ಗಾಜಿನ ಮುಂಭಾಗಕ್ಕೂ ಇದೇ ಮಾತು ಅನ್ವಯಿಸುತ್ತದೆ. ಗಾಜಿನ ಆಚೆ ಜನ ಕುಳಿತಿರುತ್ತಾರೆ, ಈಚೆ ಕಾರು ಮುಖ ಮಾಡಿ ನಿಲ್ಲುತ್ತದೆ. ಇಂಥ ಕಡೆ ಆಳಕ್ಕೆ ಹೂತು ಕಾಂಕ್ರೀಟ್ ತುಂಬಿದ ಉಕ್ಕಿನ ಕಂಬಗಳೇ ಸೂಕ್ತ. ಮೊಳಕ್ಕಿಂತ ಎತ್ತರದ ಕಂಬ ನಡೆಯುವವರ ಕಣ್ಣಿಗೂ ಚೆನ್ನಾಗಿ ಕಾಣುತ್ತದೆ.

ಎಡವುವ ಅಪಾಯ

ಸುರಕ್ಷಿತ ನಡಿಗೆಯ ನೆಲವನ್ನು ಕುರಿತ ಅಮೆರಿಕದ ಎಎಸ್‌ಟಿಎಂ ಎಫ್ 1637 ಎಂಬ ಮಾನದಂಡ ಗಾಲಿ ತಡೆಗಳ ವಿಷಯದಲ್ಲಿ ಮೊದಲು ಹೇಳುವ ಮಾತೇ ಗಮನಾರ್ಹ: ಸಾಧ್ಯವಾದರೆ ಅವು ಬೇಕಾಗದಂತೆ ನಿಲುಗಡೆ ಜಾಗವನ್ನು ವಿನ್ಯಾಸ ಮಾಡಿ. ಹಾಕಲೇಬೇಕಾದರೆ ಜನ ನಡೆಯುವ ಹಾದಿಯಲ್ಲಿ ಹಾಕಬಾರದು, ನೆಲದ ಬಣ್ಣಕ್ಕಿಂತ ಎದ್ದು ಕಾಣಬೇಕು, ಸಾಕಷ್ಟು ಬೆಳಕಿರಬೇಕು, ಒಂದು ದಿಂಡಿನ ಉದ್ದ ಆರು ಅಡಿ ಮೀರಬಾರದು, ಎರಡು ದಿಂಡುಗಳ ನಡುವೆ ನಡೆದು ಹೋಗಲು ಕನಿಷ್ಠ ಮೂರು ಅಡಿ ಜಾಗ ಬಿಡಬೇಕು ಎಂಬುದು ಅದರ ಸೂಚನೆ.

ಇದಕ್ಕೆ ಕಾರಣವಿದೆ. ಕಾರು ನಿಂತಿರುವಾಗ ತಡೆ ಅದರ ಅಡಿಯಲ್ಲಿ ಮರೆಯಾಗಿರುತ್ತದೆ. ಕಾರು ಹೋದ ಮೇಲೆ ಬರಿದಾದ ಜಾಗವನ್ನು ಅಡ್ಡ ಹಾಯುವವರ ಕಣ್ಣು ಮುಂದಿನ ಬಾಗಿಲ ಮೇಲೆಯೋ ಕೈಯಲ್ಲಿರುವ ಮೊಬೈಲ್ ಮೇಲೆಯೋ ಇರುತ್ತದೆ. ಎರಡು ಕಾರುಗಳ ನಡುವಿನ ಸಂದಿಯಿಂದ ಹೊರಬರುವವರಿಗೆ ಕಾಲಡಿ ಏನಿದೆ ಎಂಬುದೇ ಕಾಣದು. ಕಂಕುಳಲ್ಲಿ ಕೂಸು ಎತ್ತಿಕೊಂಡ ತಾಯಿ, ಕಣ್ಣು ಮಂಜಾದ ಹಿರಿಯರು, ತಲೆಯ ಮೇಲೆ ಗಂಟು ಹೊತ್ತವರು ಎಡವಿ ಬಿದ್ದರೆ ಏಳುವುದು ಸುಲಭವಲ್ಲ. ಇಳಿವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ತಿಂಗಳುಗಟ್ಟಲೆ ಹಾಸಿಗೆಯೇ ಗತಿ.

ಅಳತೆಯ ಲೆಕ್ಕ

ಎತ್ತರ: ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ ಜಂಟಿ ಮಾನದಂಡ ಗಾಲಿ ತಡೆಯ ಎತ್ತರವನ್ನು 90ರಿಂದ 100 ಮಿ.ಮೀ. ಎಂದು ನಿಗದಿ ಮಾಡಿದೆ. ಅಮೆರಿಕದ ಮಾನದಂಡ ಆರೂವರೆ ಇಂಚು, ಅಂದರೆ 165 ಮಿ.ಮೀ. ತನಕ ಒಪ್ಪುತ್ತದೆ. ಆದರೆ ನಮ್ಮ ಸಣ್ಣ ಕಾರುಗಳ ಹೊಟ್ಟೆ ನೆಲದಿಂದ 160–170 ಮಿ.ಮೀ. ಎತ್ತರದಲ್ಲಷ್ಟೇ ಇರುತ್ತದೆ. ಜನ ತುಂಬಿದಾಗ ಅದೂ ಇಳಿಯುತ್ತದೆ. ಆದ್ದರಿಂದ ನಮಗೆ 100 ಮಿ.ಮೀ. ಎತ್ತರವೇ ಸರಿ. ಅದಕ್ಕಿಂತ ಎತ್ತರವಾದರೆ ಬಂಪರಿನ ಕೆಳತುಟಿ ಒಡೆಯುತ್ತದೆ. ಬಹಳ ತಗ್ಗಾದರೆ ಗಾಲಿ ಅರಿವಿಲ್ಲದೆಯೇ ದಾಟುತ್ತದೆ.

ಉದ್ದ: ಕಾರು ನಿಲ್ಲಿಸುವ ಒಂದು ಅಂಕಣದ ಅಗಲ ಸಾಮಾನ್ಯವಾಗಿ ಎರಡೂವರೆ ಮೀಟರ್. ಅದರಲ್ಲಿ ಆರಡಿಯ, ಅಂದರೆ 1.8 ಮೀಟರ್ ದಿಂಡು ಹಾಕಿದರೆ ಪಕ್ಕದ ದಿಂಡಿಗೂ ಇದಕ್ಕೂ ನಡುವೆ ಉಳಿಯುವುದು 70 ಸೆಂ.ಮೀ. ಮಾತ್ರ. ಒಂದೂವರೆ ಮೀಟರಿನ ದಿಂಡಾದರೆ ಒಂದು ಮೀಟರ್ ಜಾಗ ಸಿಗುತ್ತದೆ. ಪ್ರತಿ ಗಾಲಿಗೊಂದರಂತೆ ಎರಡು ಅಡಿಯ ಬಿಡಿ ತುಂಡುಗಳೂ ದೊರೆಯುತ್ತವೆ. ಒಂದೇ ಕಾರು ನಿಲ್ಲುವ ಮನೆಯ ಆವರಣಕ್ಕೆ ಇವು ಸಾಕು. ಬಗೆಬಗೆಯ ಕಾರುಗಳು ಬರುವ ಕಡೆ ಗಾಲಿಗಳ ಅಂತರ ಹೊಂದದೆ ಒಂದು ಗಾಲಿ ತಪ್ಪಿಸಿಕೊಳ್ಳುವ ಸಂಭವವಿರುವುದರಿಂದ ಒಂದೇ ಉದ್ದನೆಯ ದಿಂಡು ಲೇಸು.

ಗೋಡೆಯಿಂದ ದೂರ: ಅತಿ ಹೆಚ್ಚು ತಪ್ಪಾಗುವುದು ಇಲ್ಲಿಯೇ. ಗಾಲಿ ತಡೆಗೆ ತಾಗಿದಾಗ ಬಂಪರ್ ಅದರಿಂದ ಸುಮಾರು 60 ಸೆಂ.ಮೀ. ಮುಂದೆ ಚಾಚಿರುತ್ತದೆ. ಆದ್ದರಿಂದ ಕಾರು ಮುಖ ಮಾಡಿ ನಿಲ್ಲುವ ಕಡೆ ತಡೆಯ ಗಾಲಿ ತಾಗುವ ಬದಿಗೂ ಗೋಡೆಗೂ 80ರಿಂದ 90 ಸೆಂ.ಮೀ. ಅಂತರ ಬೇಕು. ಹಿಮ್ಮುಖವಾಗಿ ನಿಲ್ಲಿಸುವ ಕಡೆ, ಡಿಕ್ಕಿ ಹೆಚ್ಚು ಚಾಚಿರುವ ಕಾರುಗಳಿಗಾಗಿ ಒಂದು ಮೀಟರಿಗೂ ತುಸು ಹೆಚ್ಚು ಬಿಡಬೇಕು. ಹೆಚ್ಚುವರಿ ಚಕ್ರವನ್ನು ಹಿಂಬಾಗಿಲಿಗೆ ತೂಗುಹಾಕಿಕೊಂಡ ಜೀಪು ಮಾದರಿಯ ವಾಹನಗಳಿಗೆ ಇನ್ನಷ್ಟು ಬೇಕಾದೀತು. ನಿಮ್ಮದೇ ಕಾರಿಗೆ ಹಾಕುವುದಾದರೆ ಕಾರನ್ನು ಬೇಕಾದ ಜಾಗದಲ್ಲಿ ನಿಲ್ಲಿಸಿ, ಗಾಲಿಯ ಮುಂದೆ ದಿಂಡನ್ನು ಸುಮ್ಮನೆ ಇಟ್ಟು ನೋಡಿ, ಸುಣ್ಣದಿಂದ ಗುರುತು ಮಾಡಿಕೊಂಡು ಆಮೇಲೆ ರಂಧ್ರ ಕೊರೆಯುವುದು ಕ್ಷೇಮ.

ಇಷ್ಟು ಜಾಗ ಬಿಟ್ಟರೆ ಕಾರಿನ ಹಿಂಭಾಗ ದಾರಿಗೆ ಬಂದೀತೆಂಬ ಆತಂಕ ಸಹಜ. ಆದರೆ 2006ರ ಕೇಂದ್ರ ಬಜೆಟ್‌ನಿಂದೀಚೆಗೆ ನಾಲ್ಕು ಮೀಟರ್ ಮೀರದ ಸಣ್ಣ ಕಾರುಗಳಿಗೆ ತೆರಿಗೆ ಹೊರೆ ಕಡಿಮೆ ಇರುವುದರಿಂದ ನಮ್ಮ ರಸ್ತೆಗಳಲ್ಲಿ ಅಂಥವೇ ಹೆಚ್ಚು. ಐದು ಮೀಟರ್ ಉದ್ದದ ಅಂಕಣದಲ್ಲಿ ಅವುಗಳಿಗೆ ಒಂದು ಮೀಟರ್ ಮಿಗುತ್ತದೆ.

ಯಾವ ಸಾಮಗ್ರಿ?

ಮರುಬಳಕೆಯ ರಬ್ಬರ್: ಹಳೆಯ ಟೈರುಗಳ ಪುಡಿಯಿಂದ ಅಚ್ಚು ಹಾಕಿದ್ದು. ಆರಡಿಯ ದಿಂಡು ಹದಿನೈದಿಪ್ಪತ್ತು ಕೆ.ಜಿ. ತೂಗುತ್ತದೆ. ಗಾಲಿಗೆ ಮೆದು, ನೆಲದ ಏರಿಳಿತಕ್ಕೆ ಹೊಂದಿಕೊಳ್ಳುತ್ತದೆ, ಬೇಡವೆಂದರೆ ಬಿಚ್ಚಿ ಬೇರೆಡೆ ಹಾಕಬಹುದು. ಹಳದಿ ಪಟ್ಟಿಯನ್ನು ಮೇಲೆ ಅಂಟಿಸಿದ್ದಾರೋ, ಅಚ್ಚಿನಲ್ಲೇ ಸೇರಿಸಿದ್ದಾರೋ ನೋಡಿ ಕೊಳ್ಳಬೇಕು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅಂಟಿಸಿದ ಪಟ್ಟಿ ಬಹುಕಾಲ ನಿಲ್ಲುವುದಿಲ್ಲ.

ಪ್ಲಾಸ್ಟಿಕ್: ಹಗುರ ಮತ್ತು ಅಗ್ಗ. ಬಿಸಿಲಿಗೆ ಬಣ್ಣಗೆಟ್ಟು ಪೆಡಸಾಗುತ್ತದೆ. ನೆರಳಿರುವ ನೆಲಮಾಳಿಗೆಗೆ ಆದೀತು, ಬಯಲಿಗೆ ಬೇಡ.

ಕಾಂಕ್ರೀಟ್: ಸ್ಥಳೀಯವಾಗಿ ಅಚ್ಚು ಹಾಕಿಸಬಹುದು. ಆರಡಿ ಉದ್ದ, 15 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ದಿಂಡು ಸುಮಾರು 65 ಕೆ.ಜಿ. ತೂಗುತ್ತದೆ. ಭಾರವಿದೆ ಎಂದು ಸುಮ್ಮನೆ ಇಟ್ಟರೆ ಕಾರು ತಳ್ಳಿಕೊಂಡು ಹೋಗುತ್ತದೆ. ಕಬ್ಬಿಣದ ಸರಳಿನಿಂದ ನೆಲಕ್ಕೆ ಬಂಧಿಸಲೇಬೇಕು. ಮೂಲೆ ಒಡೆದರೆ ಒಳಗಿನ ಸರಳು ಹೊರಬಂದು ಟೈರಿಗೂ ಕಾಲಿಗೂ ಅಪಾಯ.

ಕಲ್ಲು: ಇಳಕಲ್–ಕುಷ್ಟಗಿ ಸೀಮೆಯ ಗುಲಾಬಿ ಗ್ರಾನೈಟ್ ಹೆಸರಾದದ್ದು. ಕ್ವಾರಿ ಹತ್ತಿರವಿರುವ ಕಡೆ ತುಂಡುಗಲ್ಲನ್ನೇ ಗಾಲಿ ತಡೆಯಾಗಿ ಬಳಸಬಹುದು. ಬಾಳಿಕೆಗೆ ಕೊರತೆಯಿಲ್ಲ. ಆದರೆ ಚೂಪು ಅಂಚನ್ನು ಗುಂಡಾಗಿಸಬೇಕು ಮತ್ತು ಬಣ್ಣ ಬಳಿಯಬೇಕು. ನೆಲದ ಬಣ್ಣಕ್ಕೆ ಬೆರೆತುಹೋದ ಕಲ್ಲಿನಷ್ಟು ಕೆಟ್ಟ ಗಾಲಿ ತಡೆ ಇನ್ನೊಂದಿಲ್ಲ.

ಉಕ್ಕಿನ ಪೈಪು: ನೆಲಮಾಳಿಗೆಗಳಲ್ಲಿ ಬಳಕೆಯಲ್ಲಿದೆ. ಬಣ್ಣ ಹೋದಲ್ಲಿ ತುಕ್ಕು ಹಿಡಿಯುತ್ತದೆ. ಒಂದೆರಡು ಸಲ ಗುದ್ದು ತಿಂದರೆ ಬೆಸುಗೆ ಬಿಡುತ್ತದೆ.

ನೆಲ ಯಾವುದು ನೋಡಿ

ದಿಂಡು ಎಷ್ಟೇ ಗಟ್ಟಿಯಾಗಿರಲಿ, ನೆಲ ಹಿಡಿಯದಿದ್ದರೆ ವ್ಯರ್ಥ. ಗಟ್ಟಿ ಕಾಂಕ್ರೀಟ್ ನೆಲಕ್ಕೆ ಆಂಕರ್ ಬೋಲ್ಟ್ ಉತ್ತಮ. ಡಾಂಬರಿಗೆ ಬೋಲ್ಟ್ ಹಿಡಿಯದು, ಒಂದಡಿಗೂ ಉದ್ದದ ಉಕ್ಕಿನ ಮೊಳೆ ಬಡಿಯಬೇಕು. ಪೇವರ್ ಇಟ್ಟಿಗೆ ಹಾಸಿದ ಕಡೆ ಇವೆರಡೂ ನಡೆಯುವುದಿಲ್ಲ. ಮರಳ ಮೇಲೆ ಕುಳಿತ ಇಟ್ಟಿಗೆ ಬೋಲ್ಟ್ ಸಮೇತ ಎದ್ದು ಬರುತ್ತದೆ. ಅಲ್ಲಿ ನಾಲ್ಕಾರು ಇಟ್ಟಿಗೆ ತೆಗೆದು, ಕಾಂಕ್ರೀಟ್ ತುಂಬಿ, ಅದರ ಮೇಲೆ ದಿಂಡು ಕೂರಿಸಬೇಕು.

ಯಲಬುರ್ಗಾ, ಕುಕನೂರು ಭಾಗದ ಎರೆ ಭೂಮಿಯಲ್ಲಿ ಇನ್ನೂ ಎಚ್ಚರ ಬೇಕು. ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಬಿರಿಯುವ ಈ ಮಣ್ಣಿನಲ್ಲಿ ನೇರವಾಗಿ ನೆಟ್ಟ ದಿಂಡು ಒಂದೇ ವರ್ಷದಲ್ಲಿ ಓಲಾಡಬಹುದು. ಮೇಲಿನ ಎರೆ ಮಣ್ಣು ತೆಗೆದು, ಗೊರಸು ತುಂಬಿ ದಮ್ಮಸು ಮಾಡಿ, ಅದರ ಮೇಲೆ ಕಾಂಕ್ರೀಟ್ ಹಾಸು ಹಾಕಿದರೆ ಮಾತ್ರ ಬಾಳಿಕೆ. ಮಸಾರಿ ನೆಲದಲ್ಲಿ ಈ ತೊಂದರೆ ಕಡಿಮೆ.

ದಿಂಡಿನ ಅಡಿಯಲ್ಲಿ ನೀರು ಹರಿಯಲು ಗಾಡಿಗಳಿವೆಯೇ ಎಂಬುದನ್ನೂ ನೋಡಬೇಕು. ಇಲ್ಲದಿದ್ದರೆ ಮಳೆನೀರು ನಿಂತು ಕೆಸರಾಗುತ್ತದೆ. ಕಟ್ಟಡದ ತಾರಸಿ ಅಥವಾ ಮೇಲ್ಮಹಡಿಯಲ್ಲಿ ರಂಧ್ರ ಕೊರೆಯುವ ಮುನ್ನ ಎಂಜಿನಿಯರ್ ಸಲಹೆ ಅಗತ್ಯ. ನೀರು ಸೋರದಂತೆ ಹಾಕಿದ ಪದರ ತೂತಾದರೆ ಕೆಳಗಿನ ಮನೆ ಸೋರುತ್ತದೆ.

ಎಲ್ಲಿ ಬೇಕು, ಎಲ್ಲಿ ಬೇಡ?

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ಇದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕು ಕೇಂದ್ರಗಳನ್ನೇ ಉದಾಹರಣೆಗೆ ತೆಗೆದುಕೊಂಡರೂ ಅಗತ್ಯಗಳು ಒಂದೇ ಬಗೆಯವಲ್ಲ.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಹುಲಿಗಿಯ ಹುಲಿಗೆಮ್ಮನ ಸನ್ನಿಧಿಗೆ ಹುಣ್ಣಿಮೆಯಂದು ಜನ ತಂಡೋಪತಂಡವಾಗಿ ಬರುತ್ತಾರೆ. ಗಂಗಾವತಿ ತಾಲ್ಲೂಕಿನ ಅಂಜನಾದ್ರಿಯಲ್ಲಿ 575 ಮೆಟ್ಟಿಲು ಹತ್ತಿ ಇಳಿದ ಭಕ್ತರು ದಣಿದ ಕಾಲಿನಲ್ಲಿ ವಾಹನ ಹುಡುಕುತ್ತಾರೆ. ಇಂಥ ಬಯಲುಗಳಲ್ಲಿ ಇಂದು ಕಾರು ನಿಂತ ಜಾಗದಲ್ಲಿ ನಾಳೆ ಜನ ನಡೆಯುತ್ತಾರೆ, ಮಲಗುತ್ತಾರೆ, ಹಲವರು ಬರಿಗಾಲಿನಲ್ಲೇ ಇರುತ್ತಾರೆ. ಇಲ್ಲಿ ಶಾಶ್ವತ ಗಾಲಿ ತಡೆ ಸಲ್ಲದು. ಸುಣ್ಣದ ಗೆರೆ, ಹಗ್ಗ, ಸ್ವಯಂಸೇವಕರ ನೆರವು ಸಾಕು.

ಗಂಗಾವತಿಯ ಅಕ್ಕಿ ಗಿರಣಿಗಳ ಸ್ಥಿತಿ ಬೇರೆ. ಲಾರಿಗಳು ಹಿಮ್ಮುಖವಾಗಿ ಗೋದಾಮಿನ ಕಟ್ಟೆಗೆ ತಾಗಿ ನಿಲ್ಲುತ್ತವೆ. ನಡುವೆ ಹಮಾಲರು ಮೂಟೆ ಹೊರುತ್ತಾರೆ. ಕಾರಿಗೆಂದು ಮಾಡಿದ ದಿಂಡು ಲಾರಿಯ ಗಾಲಿಗೆ ಲೆಕ್ಕಕ್ಕಿಲ್ಲ. ಲಾರಿಗೆ ಅದಕ್ಕಿಂತ ಎತ್ತರದ, ಕಾಂಕ್ರೀಟಿನಲ್ಲಿ ಹೂತ ತಡೆ ಬೇಕು. ಮೂಟೆ ಇಳಿಸುವಾಗ ಗಾಲಿಗೆ ಕೈಯಿಂದ ಇಡುವ ಮುಕ್ಕೋನದ ರಬ್ಬರ್ ಅಡ್ಡವೂ ಇರಬೇಕು. ಅದಕ್ಕೊಂದು ಸರಪಳಿ ಕಟ್ಟಿ ಗೋಡೆಗೆ ತೂಗುಹಾಕಿದರೆ ಕಳೆಯುವುದಿಲ್ಲ. ಹಿಂದೆ ಮನುಷ್ಯರಿಲ್ಲವೆಂದು ಕೂಗಿ ಹೇಳುವ ಒಬ್ಬ ಆಳು ಇವೆಲ್ಲಕ್ಕಿಂತ ಮುಖ್ಯ.

ರಾಷ್ಟ್ರೀಯ ಹೆದ್ದಾರಿ 50ರ ಮೇಲಿರುವ ಕುಷ್ಟಗಿಯಲ್ಲಿ ಹೆದ್ದಾರಿ ಬದಿಯ ಖಾನಾವಳಿ, ಡಾಬಾಗಳ ಮುಂದೆ ಕಾರು ನಿಲ್ಲಿಸಿ ನೇರ ಒಳಗೆ ನಡೆಯುವುದು ರೂಢಿ. ಮೇಜು ಕುರ್ಚಿ ಹೊರಗೆ ಹಾಕಿದ್ದರೆ ಅವುಗಳ ಮುಂದೆ ಕಂಬ ಬೇಕು. ಗಾಲಿ ತಡೆ ಸಾಲದು. ಯಲಬುರ್ಗಾದಂಥ ಪಟ್ಟಣಗಳ ಕಚೇರಿ, ಆಸ್ಪತ್ರೆಗಳ ಆವರಣದಲ್ಲಿ ಕಾರಿಗಿಂತ ಬೈಕುಗಳೇ ಹೆಚ್ಚು. ಬೈಕು ನಿಲ್ಲುವ ಕಡೆ ಗಾಲಿ ತಡೆ ಹಾಕಿದರೆ ಸವಾರರೇ ಉರುಳುತ್ತಾರೆ. ಅಲ್ಲಿ ಬಿಳಿ ಗೆರೆ ಎಳೆದರೆ ಸಾಕು.

ಅಂಗವಿಕಲರಿಗೆ ಮೀಸಲಾದ 3.6 ಮೀಟರ್ ಅಗಲದ ಅಂಕಣದಲ್ಲಿ ಗಾಲಿಕುರ್ಚಿ ಸಾಗುವ ಬದಿಗೆ ಯಾವ ದಿಂಡೂ ಬರಕೂಡದು. ಕಾರಿನ ಮೂತಿ ಕಾಲುದಾರಿಯ ಮೇಲೆ ಚಾಚಿ ದಾರಿ ಮುಚ್ಚುತ್ತಿದ್ದರೆ ಮಾತ್ರ ಅಲ್ಲಿ ಗಾಲಿ ತಡೆಯಿಂದ ಉಪಯೋಗವುಂಟು.

ಚಾಲಕರು ಗಮನಿಸಬೇಕಾದ್ದು

* ತಡೆಯನ್ನು ಗುದ್ದಿ ನಿಲ್ಲಿಸಬೇಡಿ. ಗಾಲಿ ತಾಗಿದೊಡನೆ ಬ್ರೇಕ್ ಹಾಕಿ, ತುಸು ಹಿಂದಕ್ಕೆ ಬಂದು ನಿಲ್ಲಿಸಿ. ಟೈರು ಸದಾ ಒತ್ತಿಕೊಂಡಿದ್ದರೆ ಅದಕ್ಕೂ ತಡೆಯ ಬೋಲ್ಟಿಗೂ ಹಾನಿ.
* ಹ್ಯಾಂಡ್ ಬ್ರೇಕ್ ಎಳೆಯಿರಿ. ಇಳಿಜಾರಿದ್ದರೆ ಕಾರನ್ನು ಗೇರಿನಲ್ಲಿಡಿ.
* ಹೊರಡುವಾಗ ಮುಂದೆ ಖಾಲಿ ಜಾಗ ಕಂಡರೂ ತಡೆಯ ಮೇಲೆ ಹತ್ತಿಸಿ ದಾಟಬೇಡಿ. ಕಾರಿನ ಅಡಿಭಾಗಕ್ಕೆ ಪೆಟ್ಟು ಬೀಳುತ್ತದೆ.
* ಮಕ್ಕಳು ತಡೆಯ ಮೇಲೆ ಕುಳಿತು ಆಡುವುದುಂಟು. ಕಾರು ಹತ್ತುವ ಮುನ್ನ ಒಮ್ಮೆ ಸುತ್ತು ಬಂದು ನೋಡಿ.

ನಿರ್ವಹಣೆ ಮರೆಯಬಾರದು

ಮೂರು ತಿಂಗಳಿಗೊಮ್ಮೆಯಾದರೂ ಪ್ರತಿ ದಿಂಡನ್ನೂ ಕಾಲಿನಿಂದ ಒತ್ತಿ ನೋಡಬೇಕು. ಅಲುಗಾಡಿದರೆ ಬೋಲ್ಟ್ ಬಿಗಿಸಬೇಕು. ಬೋಲ್ಟಿನ ತಲೆ ಮೇಲೆದ್ದಿದ್ದರೆ ಅಂದೇ ಸರಿಪಡಿಸಬೇಕು. ಬಣ್ಣ ಮಾಸಿದರೆ ಮತ್ತೆ ಬಳಿಯಬೇಕು. ದಿಂಡು ಕಿತ್ತುಹೋದಾಗ ನೆಲದಲ್ಲಿ ಉಳಿಯುವ ಬೋಲ್ಟಿನ ತುಂಡು ದಿಂಡಿಗಿಂತಲೂ ಅಪಾಯಕಾರಿ; ಅದನ್ನು ನೆಲಮಟ್ಟಕ್ಕೆ ಕತ್ತರಿಸಬೇಕು. ನಿಲುಗಡೆಯ ವಿನ್ಯಾಸ ಬದಲಾಗಿ ಕಾರು ಬಾರದ ಜಾಗದಲ್ಲಿ ಉಳಿದ ಹಳೆಯ ದಿಂಡುಗಳನ್ನು ತೆಗೆದುಹಾಕಬೇಕು. ದೀಪ ಕೆಟ್ಟ ರಾತ್ರಿ ಯಾರಾದರೂ ಎಡವುವುದು ಅವುಗಳಿಗೇ.

ಅಳವಡಿಸುವ ಮುನ್ನ ಒಂದು ಸಂಜೆ, ಕತ್ತಲಾಗುವ ಹೊತ್ತಿಗೆ, ಆ ಜಾಗದಲ್ಲಿ ಅರ್ಧ ಗಂಟೆ ನಿಂತು ಜನ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆಂದು ಗಮನಿಸಿದರೆ ಸಾಕು. ಜನ ಕಾಲು ಹಾಕುವ ದಾರಿ ಬಿಟ್ಟು ಉಳಿದಲ್ಲಿ ಗಾಲಿ ತಡೆ. ಜನ ಕೂರುವ, ನಿಲ್ಲುವ ಜಾಗದ ಮುಂದೆ ಕಂಬ. ಮಹಡಿಯ ಅಂಚಿಗೆ ಲೆಕ್ಕ ಮಾಡಿ ಕಟ್ಟಿದ ಗೋಡೆ. ಈ ಮೂರನ್ನು ಒಂದರ ಬದಲಿಗೆ ಇನ್ನೊಂದೆಂದು ಬಳಸದಿದ್ದರೆ ಖರ್ಚು ಮಾಡಿದ ಹಣ ಸಾರ್ಥಕ.